ಗಡಿಯಾರಪ್ಪ ಜೋಡಿಸಿದ ಸೈಕಲ್

ಆ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೊನೆಗೆ ಕೈ ತೊಳೆದವನು ಗಡಿಯಾರಪ್ಪ ಎಂದು ತಿಳಿದುಕೊಳ್ಳಬಹುದಿತ್ತು. ನಲ್ಲಿ ಜಪ್ಪಯ್ಯ ಎಂದರೂ ತಿರುಗದಿದ್ದರೆ ಕೊನೆಗೆ ತೊಳೆದವಳು ಅವನ ಹೆಂಡತಿ. ಮಗಳು ಪಾಪ, ಹುಟ್ಟಿದಾಗಿನಿಂದ ಇವರಿಬ್ಬರ ಮಧ್ಯೆ ಸಿಕ್ಕಿಕೊಂಡವಳು. ಅಪ್ಪ ಮುಚ್ಚಿಟ್ಟ ಸಕ್ಕರೆ ಡಬ್ಬಿಯನ್ನು ಎತ್ತಿದರೆ ಮುಚ್ಚಳವೊಂದೇ ಕೈಗೆ ಬರುತ್ತಿತ್ತು, ಸಕ್ಕರೆಯೆಲ್ಲ ನೆಲದ ಪಾಲು. ಅಮ್ಮ ಮುಚ್ಚಿಟ್ಟ ಡಬ್ಬಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ತಿರುಗಿಸಬೇಕಾಗಿತ್ತು.

ಇದರಲ್ಲಿ ಇಬ್ಬರದೂ ತಪ್ಪಿಲ್ಲ. ಕೈ ಏನು ಕಲಿತಿದೆಯೋ ಅದನ್ನೇ ಮಾಡುತ್ತದೆ. ಗಡಿಯಾರಪ್ಪ ಮೀಸೆ ಚಿಗುರುವ ಮೊದಲಿನಿಂದಲೂ ಕೈಗಡಿಯಾರ ರಿಪೇರಿ ಮಾಡಿಕೊಂಡು ಬಂದವನು. ಅವನ ತಿರುಪುಗಳು ಸಾಸಿವೆ ಕಾಳಿಗಿಂತ ಸಣ್ಣವು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತವೆ, ಒಂದು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ತಲೆ ಮುರಿದುಕೊಳ್ಳುತ್ತವೆ. ಮುರಿದ ತಿರುಪನ್ನು ಹೊರಗೆ ತೆಗೆಯುವ ನರಕ ಏನು ಎಂಬುದು ತೆಗೆದವನಿಗೇ ಗೊತ್ತು. ಹೆಂಡತಿಯೋ, ಬೇಕರಿಯಲ್ಲಿ ಹಿಟ್ಟು ನಾದುವವಳು. ಬೆಳಕು ಹರಿಯುವ ಮೊದಲೇ ಹೋಗಿ, ಎಳೆಗೂಸಿನಷ್ಟು ತೂಕದ ಹಿಟ್ಟಿನ ಮುದ್ದೆಗಳನ್ನು ಮೇಜಿನ ಮೇಲೆ ಎತ್ತಿ ಬಡಿದು, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಅವಳು ಪ್ರೀತಿಯಿಂದ ಬೆನ್ನು ತಟ್ಟಿದರೂ ತಟ್ಟಿಸಿಕೊಂಡವರು ಮುಗ್ಗರಿಸುತ್ತಿದ್ದರು.

ಗಡಿಯಾರಪ್ಪನ ಅಂಗಡಿ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಜನ ಈಗ ಹೊತ್ತು ನೋಡುವುದಕ್ಕೆ ಜೇಬಿನಿಂದ ಫೋನು ತೆಗೆಯುತ್ತಾರೆ, ಗಡಿಯಾರ ಕೆಟ್ಟರೆ ಹೊಸದು ಕೊಳ್ಳುತ್ತಾರೆ. ಅಂಗಡಿಯ ಮೇಜನ್ನು ಮನೆಗೆ ತಂದು ಕಿಟಕಿಯ ಪಕ್ಕ ಹಾಕಿಕೊಂಡಿದ್ದ. ಆಗೊಮ್ಮೆ ಈಗೊಮ್ಮೆ ಯಾರೋ ಹಳೆಯ ಗಿರಾಕಿ ಅಜ್ಜನ ಕಾಲದ್ದೊಂದು ತಂದುಕೊಟ್ಟರೆ ಅವತ್ತು ಹಬ್ಬ. ಉಳಿದ ದಿನ ಒಂದೇ ಗಡಿಯಾರವನ್ನು ಬಿಚ್ಚುವುದು, ಒರೆಸುವುದು, ಜೋಡಿಸುವುದು. ಕೆಲಸವಿಲ್ಲದ ಕೈ ಮನುಷ್ಯನನ್ನು ಹೇಗೆ ತಿನ್ನುತ್ತದೆ ಅಂತೀರಿ! ಊಟ ಸರಿಯಿಲ್ಲ, ಗಾಳಿ ಸರಿಯಿಲ್ಲ, ಪಕ್ಕದ ಮನೆಯವರು ಕೆಮ್ಮುವುದೂ ಸರಿಯಿಲ್ಲ. ಹೆಂಡತಿ ಮಗಳು ಇಬ್ಬರೂ ಅವನ ಹತ್ತಿರ ನೋಡಿಕೊಂಡು ಮಾತಾಡುವಂತಾಗಿತ್ತು.

ಹೀಗಿರುವಾಗ ಮಗಳು ಒಂದು ಸಂಜೆ ಹಳೆಯ ರೇಸ್ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಬೆಳಗ್ಗೆ ಬೆಳಗ್ಗೆ ಸೈಕಲ್ ಕ್ಲಬ್ಬಿಗೆ ಹೋಗುತ್ತಿದ್ದಳು. ಕ್ಲಬ್ಬಿನ ಯಾರೋ ಓಡಿಸುವುದನ್ನು ಬಿಟ್ಟವರು ಇದನ್ನು ಹಾಗೇ ಕೊಟ್ಟುಬಿಟ್ಟಿದ್ದರು. ಹೆಸರಿಗೆ ಸೈಕಲ್ಲು. ಚೈನು ತುಕ್ಕು ಹಿಡಿದು ಕಡ್ಡಿಯಂತೆ ಸೆಟೆದು ನಿಂತಿತ್ತು, ಚಕ್ರ ತಿರುಗಿಸಿದರೆ ಮರಳು ಬೀಸಿದ ಸದ್ದು, ರಿಮ್ಮು ಕುಡಿದವರ ನಡಿಗೆಯಂತೆ ಆ ಕಡೆ ಈ ಕಡೆ. ಆದರೆ ಹುಡುಗಿಯ ಕಣ್ಣು ಮಾತ್ರ ಮಿಂಚುತ್ತಿತ್ತು. ಎರಡು ವಾರ ಬಿಟ್ಟು ಊರಿನ ರೇಸು, ಇದರಲ್ಲೇ ಓಡುವುದು ಎಂದಳು. ಸೈಕಲ್ ಅಂಗಡಿಯವನು ಮಾತ್ರ ಆಗುವುದಿಲ್ಲ ಎಂದು ಕೈ ಆಡಿಸಿಬಿಟ್ಟಿದ್ದನಂತೆ. ರೇಸು ಹತ್ತಿರ ಬಂತು, ಇಡೀ ಊರಿನ ಸೈಕಲ್ಲು ನನ್ನ ಅಂಗಡಿಯಲ್ಲೇ ಮಲಗಿದೆ, ಮುಗಿದ ಮೇಲೆ ತಾ ಎಂದನಂತೆ.

“ನಾನು ಮಾಡಿಕೊಡ್ತೀನಿ,” ಎಂದ ಗಡಿಯಾರಪ್ಪ.

ಮಗಳು ನಕ್ಕಳು. ಅವನಿಗೆ ರೇಗಿತು. ಚಕ್ರ, ಹಲ್ಲು, ಅಚ್ಚು ಇವುಗಳ ನಡುವೆಯೇ ತಾನು ತಲೆ ನರೆಸಿಕೊಂಡದ್ದನ್ನೆಲ್ಲ ಹೇಳಿದ. ಅವಳು ನಗು ನಿಲ್ಲಿಸಿದಳು, ಮುಖದಲ್ಲಿ ಚಿಂತೆ ಬಂತು. ರೇಸಿನ ದಾರಿ ನೀರಿನ ಟ್ಯಾಂಕಿನಿಂದ ಮಾರ್ಕೆಟ್ಟಿಗೆ ಇಳಿಯುವ ಇಳಿಜಾರು. ಅಲ್ಲಿ ಸೈಕಲ್ಲು ಓಡುವುದಿಲ್ಲ, ಬೀಳುತ್ತದೆ ಎನ್ನಬೇಕು. ಕೆಳಗೊಂದು ತಿರುವು ಬೇರೆ. ಹೋದ ವರ್ಷ ಅಲ್ಲಿ ಒಬ್ಬನ ಮುಂದಿನ ಚಕ್ರ ಕಳಚಿ, ಅವನು ಭುಜದ ಮೂಳೆ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದ. ಕ್ಲಬ್ಬಿನ ತರಬೇತುದಾರ ಅವತ್ತಿನಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ಸೈಕಲ್ಲಿನ ಮೇಲೆ ನಂಬಿಕೆಯಿಲ್ಲದವರು ಮೇಲಿನಿಂದಲೇ ಬ್ರೇಕು ಹಿಡಿದುಕೊಂಡು ಇಳಿಯಿರಿ, ಸೋತರೆ ಸೋತಿರಿ.

“ರೇಸಿನ ಹಿಂದಿನ ದಿನ, ಶನಿವಾರ ಸಂಜೆ ಓಡಿಸಿ ನೋಡ್ತೀನಪ್ಪ,” ಎಂದಳು ಕೊನೆಗೆ. “ಮನಸ್ಸು ಒಪ್ಪದಿದ್ರೆ ಕ್ಲಬ್ಬಿನ ಸೈಕಲ್ ತಗೊಂಡು ಹೋಗ್ತೀನಿ. ಆಗ ನೀನು ಬೇಜಾರು ಮಾಡ್ಕೋಬಾರದು.”

ಬೇಜಾರು ಯಾಕೆ ಎಂದನೇನೋ ನಿಜ. ಆದರೆ ಆ ಕ್ಷಣದಿಂದ ಅವನ ಎದೆಯಲ್ಲಿ ಒಂದೇ ಹಟ ಕೂತಿತು. ಮಗಳು ತನ್ನ ಕೈಯನ್ನು ನಂಬಬೇಕು. ಊರೆಲ್ಲ ಬೇಡವೆಂದ ಕೈ ಇದು, ಇವಳಾದರೂ ಬೇಕು ಎನ್ನಬೇಕು.

ಮರುದಿನದಿಂದ ನೋಡಿ ಸಂಭ್ರಮ! ನಡುಮನೆಯಲ್ಲಿ ಹಳೆಯ ಹಾಸು ಹಾಸಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ. ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಡಿ ಕೊಂಡಿಯನ್ನೂ ಉಜ್ಜಿದ. ಬ್ರಷ್ಷು ಯಾರದು ಎಂದು ಕೇಳಿದ ಹೆಂಡತಿ ಮರುದಿನ ಹೊಸದು ಕೊಂಡಳು. ಚಕ್ರದ ಒಳಗಿನ ಗುಂಡುಗಳನ್ನು ತೆಗೆದು ತಟ್ಟೆಯಲ್ಲಿ ಹರಡಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದೊಂದನ್ನೂ ಹೊರಳಿಸಿ ನೋಡಿದ. ಗೀರು ಬಿದ್ದವನ್ನು ಎಸೆದು ಹೊಸವನ್ನು ತಂದು ಹಾಕಿದ. ಗ್ರೀಸನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಹಚ್ಚಿದ. ರಿಮ್ಮಿನ ಬೆಂಡು ತೆಗೆಯುವುದಕ್ಕೆ ಒಂದು ಕಾಗದದ ಚೂರನ್ನು ಪಕ್ಕದಲ್ಲಿ ಹಿಡಿದು ಚಕ್ರ ತಿರುಗಿಸುವುದು, ಕಾಗದಕ್ಕೆ ತಗಲಿದ ಕಡೆ ಕಡ್ಡಿಯನ್ನು ಎಳ್ಳಷ್ಟು ತಿರುಗಿಸುವುದು. ಊಟಕ್ಕೆ ಕರೆದರೆ ಕಿವಿ ಕೇಳುತ್ತಿರಲಿಲ್ಲ. ಮತ್ತೆ ಏನು ಮಾಡುತ್ತಿದ್ದ ಗೊತ್ತೇ? ಶಿಳ್ಳೆ ಹಾಕುತ್ತಿದ್ದ! ಅಂಗಡಿ ಮುಚ್ಚಿದ ಮೇಲೆ ಆ ಮನೆಯಲ್ಲಿ ಶಿಳ್ಳೆ ಕೇಳಿದ್ದು ಅದೇ ಮೊದಲು.

ಮುಂದಿನ ಚಕ್ರ ಸಿದ್ಧವಾದ ದಿನ ಅದನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದ. ಚಕ್ರ ತಿರುಗಿತು. ಸದ್ದಿಲ್ಲ, ಓಲಾಟವಿಲ್ಲ, ಕಡ್ಡಿಗಳೆಲ್ಲ ಸೇರಿ ಒಂದು ಮಂಜಿನ ತಟ್ಟೆಯಾದವು. ಅವನು ಒಳಗೆ ಹೋಗಿ ಚಹಾ ಬಸಿದುಕೊಂಡು ಬಂದರೂ ತಿರುಗುತ್ತಲೇ ಇತ್ತು. ಗಡಿಯಾರಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯವರನ್ನು ಕೂಗಿದ, ಎದುರು ಮನೆಯ ಮುದುಕಿಯನ್ನು ಕೈಹಿಡಿದು ಕರೆತಂದು ಕುರ್ಚಿ ಹಾಕಿ ತೋರಿಸಿದ. ಚಕ್ರ ಅಂದ ಮೇಲೆ ತಿರುಗಲೇಬೇಕಲ್ಲಪ್ಪ, ಇದರಲ್ಲೇನು ವಿಶೇಷ ಎಂದಳು ಮುದುಕಿ. ಅವತ್ತು ಅವನಿಗೆ ಅದೂ ಹೊಗಳಿಕೆಯ ಹಾಗೇ ಕೇಳಿಸಿತು.

ಆದರೆ ಒಂದು ವಿಚಿತ್ರ ಶುರುವಾಯಿತು. ತನ್ನ ಕೈಯಾರೆ ಬಿಗಿದ ನಟ್ಟುಗಳನ್ನು ಬೆಳಗ್ಗೆ ಎದ್ದು ಮುಟ್ಟಿ ನೋಡಿದರೆ ಅವು ಉಸಿರುಗಟ್ಟಿದ ಹಾಗೆ ಬಿಗಿದಿದ್ದವು. ಅಯ್ಯೋ, ಹೀಗೆ ಬಿಗಿದರೆ ತಲೆ ಮುರಿಯುವುದಿಲ್ಲವೇ? ಗಾಬರಿಯಿಂದ ಎಲ್ಲವನ್ನೂ ಸಡಿಲಿಸಿ, ತನ್ನ ಲೆಕ್ಕದಲ್ಲಿ ಎಷ್ಟು ಬೇಕೋ ಅಷ್ಟು ಮತ್ತೆ ಬಿಗಿದ. ಅವನ ಲೆಕ್ಕವೆಂದರೆ ಗೊತ್ತಲ್ಲ, ಎರಡು ಬೆರಳು, ಒಂದು ಉಸಿರು. ಮರುದಿನವೂ ಅದೇ ಕತೆ. ಅದರ ಮರುದಿನವೂ ಅದೇ. ಅವನು ಸಡಿಲಿಸುವುದು, ಯಾರೋ ಬಿಗಿಯುವುದು.

ಯಾರೋ ಏನು, ಮಗಳೇ. ಇನ್ಯಾರು? ತಾನು ದಿನಾ ಮಧ್ಯಾಹ್ನ ಒಂದು ಸುತ್ತು ಹೊರಗೆ ಹೋದಾಗ ಸೈಕಲ್ ಅಂಗಡಿಯವನನ್ನು ಕರೆಸಿ ಬಿಗಿಸುತ್ತಿದ್ದಾಳೆ ಎಂದು ಅವನು ತೀರ್ಮಾನಿಸಿಬಿಟ್ಟ. ನಂಬಿಕೆಯಿಲ್ಲದಿದ್ದರೆ ಎದುರಿಗೇ ಹೇಳಬಾರದಿತ್ತೇ? ಬಾಯಿಬಿಟ್ಟು ಕೇಳಲು ಅಭಿಮಾನ ಅಡ್ಡ ಬಂತು. ರಾತ್ರಿ ಊಟಕ್ಕೆ ಕೂತಾಗ ಮಗಳು ಏನಾದರೂ ಕೇಳಿದರೆ ಹೂಂ ಉಹೂಂ ಅಷ್ಟೇ. ಶಿಳ್ಳೆಯೂ ನಿಂತಿತು.

ಶನಿವಾರ ಬಂತು. ಇವತ್ತು ಕಳ್ಳರನ್ನು ಕೈಯಾರೆ ಹಿಡಿಯುವುದೇ ಸರಿ ಎಂದು, ಹೊರಗೆ ಹೋಗುತ್ತೇನೆಂದು ಹೇಳಿ ಬೀದಿಯ ತುದಿಯವರೆಗೆ ಹೋದವನು ಹಿತ್ತಿಲ ಬಾಗಿಲಿನಿಂದ ವಾಪಸು ಬಂದ. ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳ ಹೆಜ್ಜೆ ಹಾಕಿ, ಅಡುಗೆಮನೆಯ ಪರದೆಯ ಹಿಂದೆ ನಿಂತ. ನಡುಮನೆಯಲ್ಲಿ ಸೈಕಲ್ಲಿನ ಮುಂದೆ ಕೂತಿದ್ದವಳು ಮಗಳಲ್ಲ, ಹೆಂಡತಿ. ಬೇಕರಿಯಿಂದ ಬಂದವಳು ಮೊಣಕೈಯ ಹಿಟ್ಟನ್ನೂ ತೊಳೆದುಕೊಂಡಿರಲಿಲ್ಲ. ಮುಂದಿನ ಚಕ್ರದ ನಟ್ಟಿಗೆ ಸ್ಪ್ಯಾನರ್ ಹಾಕಿದ್ದಳು. ಸಾಲದು ಎಂದು ಸ್ಪ್ಯಾನರಿನ ಬಾಲಕ್ಕೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿದ್ದಳು, ಗೋಡೆಗೆ ಒಂದು ಕಾಲು ಕೊಟ್ಟಿದ್ದಳು.

“ಏನೇ ಮಾಡ್ತಿದ್ದೀಯ?” ಎಂದ.

ಅವಳು ಬೆಚ್ಚಿಬಿದ್ದಳು. ಆ ಬೆಚ್ಚಿದ ಭರಕ್ಕೆ ಪೈಪು ಸರ್ರನೆ ಪೂರ್ತಿ ತಿರುಗಿತು. ನಟ್ಟು ಕರಕ್ ಎಂದಿತು. ಆಮೇಲೆ ಅದು ಬಿಗಿಯೂ ಆಗಲಿಲ್ಲ, ಸಡಿಲವೂ ಆಗಲಿಲ್ಲ, ಬೆರಳಿಗೆ ದೊಡ್ಡದಾದ ಉಂಗುರದಂತೆ ಸುಮ್ಮನೆ ಸುತ್ತತೊಡಗಿತು. ಒಳಗಿನ ಥ್ರೆಡ್ಡು ಪೂರ್ತಿ ಸವೆದುಹೋಗಿತ್ತು. ಅಲ್ಲ, ಹೋಗದೇ ಏನು ಮಾಡೀತು? ಅಷ್ಟು ದಿನ ಬೆಳಗ್ಗೆ ಬಿಚ್ಚುವವನೊಬ್ಬ, ಮಧ್ಯಾಹ್ನ ಬಿಗಿಯುವವಳೊಬ್ಬಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಜಗಳವೂ ಇಲ್ಲದೆ ನಟ್ಟು ಬಡವಾಯಿತು.

ಜಗಳ ಆಮೇಲೆ ಬಂತು. ನನ್ನ ಕೆಲಸದಲ್ಲಿ ಕೈ ಹಾಕಲು ನೀನ್ಯಾರು ಎಂದು ಅವನು ಎಗರಾಡಿದ. ಅವಳು ಪೈಪನ್ನು ನೆಲಕ್ಕೆ ಇಟ್ಟು ಎದ್ದು ನಿಂತಳು.

“ಮೊದಲನೇ ದಿನ ಧೂಳು ಒರೆಸೋಕೆ ಹೋದೆ ರೀ. ನೀವು ಬಿಗಿದ ನಟ್ಟು ಒರೆಸೋ ಬಟ್ಟೆಗೇ ಬಿಚ್ಚಿಕೊಂಡು ಬಂತು. ನನ್ನ ಮಗಳು ಇದರ ಮೇಲೆ ಕೂತು ಆ ಇಳಿಜಾರು ಇಳೀತಾಳೆ.”

ಅವನು ಮುಂದಿನ ಚಕ್ರದ ಕಡೆ ನೋಡಿದ. ಬಟ್ಟೆಗೇ ಬಿಚ್ಚಿಕೊಂಡು ಬಂತು. ಹೋದ ವರ್ಷ ಚಕ್ರ ಕಳಚಿ ಬಿದ್ದವನ ಜಾಗದಲ್ಲಿ ತನ್ನ ಹುಡುಗಿಯನ್ನು ಕಂಡ.

“ಹೇಳಬಾರದಿತ್ತಾ?” ಎಂದ.

“ಎಷ್ಟು ವರ್ಷ ಆದ್ಮೇಲೆ ನೀವು ಶಿಳ್ಳೆ ಹಾಕಿದ್ರಿ,” ಎಂದಳು ಅವಳು. “ಹೇಗೆ ಹೇಳ್ಲಿ?”

ಮಗಳು ಬಂದಾಗ ಇಬ್ಬರೂ ಸೈಕಲ್ಲಿನ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತಿದ್ದರು. ಸಂಗತಿ ಎಳೆ ಎಳೆಯಾಗಿ ಹೊರಗೆ ಬಂತು. ಅಪ್ಪ ತನ್ನ ಮೇಲೆ ಅನುಮಾನಪಟ್ಟದ್ದು, ಅಮ್ಮ ದಿನಾ ಕದ್ದು ಬಿಗಿದದ್ದು, ಅಪ್ಪ ದಿನಾ ಕದ್ದು ಸಡಿಲಿಸಿದ್ದು. ಹುಡುಗಿ ಬೈಯುತ್ತಾಳೆ ಎಂದುಕೊಂಡಿದ್ದರು. ಅವಳು ನಿಂತಲ್ಲೇ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಸೈಕಲ್ ಅಂಗಡಿಗೆ ಓಡಿದಳು.

ಅಂಗಡಿಯವನು ಹೊಸ ನಟ್ಟಿನ ಜೊತೆ ತಾನೇ ಬಂದ. ಒಂದು ನಟ್ಟಿಗೆ ಮನೆಮಂದಿಯೆಲ್ಲ ಕಾವಲು ಕೂತಿದ್ದೀರಲ್ಲ ಎಂದು ತಮಾಷೆ ಮಾಡಿದ. ಹೇಗೂ ಬಂದಿದ್ದೇನೆ, ಎಲ್ಲ ನಟ್ಟು ಬಿಗಿದುಕೊಟ್ಟೇ ಹೋಗುತ್ತೇನೆ, ನಾಳೆ ಧೈರ್ಯವಾಗಿ ಓಡಿಸಮ್ಮ ಎಂದು ಸ್ಪ್ಯಾನರಿಗೆ ಕೈ ಚಾಚಿದ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು.

ಗಡಿಯಾರಪ್ಪ ತಾನಾಗಿಯೇ ಎದ್ದು ಸ್ಪ್ಯಾನರನ್ನು ಅವನ ಕಡೆ ನೀಡಿದ. “ಅವರೇ ಮಾಡ್ಲಿ ಮಗಳೇ. ನನ್ನ ಕೈಗೆ ಇದು ಗೊತ್ತಿಲ್ಲ.” ಇಷ್ಟು ಹೇಳುವುದಕ್ಕೆ ಅವನಿಗೆ ಎಷ್ಟು ಕಷ್ಟವಾಯಿತೋ ದೇವರೇ ಬಲ್ಲ.

ಮಗಳು ಮುಂದಿನ ಚಕ್ರದ ಮುಂದೆ ಕೂತಿದ್ದಳು. ಒಂದು ಬೆರಳಿನಿಂದ ತಳ್ಳಿದಳು, ಅದು ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತು ನೋಡಿ, ಬೇಡ ಅಣ್ಣ, ನಟ್ಟು ಕೊಟ್ಟು ಹೋಗಿ ಎಂದು ಅಂಗಡಿಯವನಿಗೆ ಹೇಳಿದಳು. ಅವನು ಹೋದ ಮೇಲೆ ಸ್ಪ್ಯಾನರನ್ನು ಅಮ್ಮನ ಕೈಗೆ ಕೊಟ್ಟಳು. ಅಪ್ಪನ ಕೈಯನ್ನು ಎಳೆದು ಅಮ್ಮನ ಮಣಿಕಟ್ಟಿನ ಮೇಲೆ ಇಟ್ಟಳು.

“ಅಮ್ಮ ತಿರುಗಿಸ್ಲಿ. ಎಲ್ಲಿಗೆ ಸಾಕು ಅಂತ ನೀನು ಹೇಳು.”

ಶುರುವಾಯಿತು ನೋಡಿ. ಅವಳು ತಿರುಗಿಸಿದಳು, ಅವನು ಸಾಕು ಎಂದ. ಇದು ಸಾಕಾ, ಇಷ್ಟು ಬಿಗಿಯಾಗಿ ನಾನು ತಲೆಗೂದಲಿಗೆ ಗಂಟು ಹಾಕ್ತೀನಿ ಎಂದಳು ಅವಳು. ಇನ್ನಷ್ಟು ತಿರುಗಿಸಿದಳು. ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿಯ ಮಣಿಕಟ್ಟಿನ ನರ ಬಿಗಿಯುವುದು ಅವನ ಬೆರಳಿಗೆ ತಿಳಿಯುತ್ತಿತ್ತು. ಅದರ ಮೂಲಕ ನಟ್ಟು, ನಟ್ಟಿನ ಕೆಳಗೆ ವಾಷರು, ಕಬ್ಬಿಣಕ್ಕೆ ಕಬ್ಬಿಣ ಕೂರುವ ಒಂದು ಜಾಗ. ಇಷ್ಟು ವರ್ಷ ತನ್ನ ಬಲದಲ್ಲಿ ಅವನು ಮುಟ್ಟಿಯೇ ಇರದ ಜಾಗ ಅದು. ಅಲ್ಲಿಗೆ ಬಂದಾಗ ಗೊತ್ತಾಯಿತು. ಮುಂದೆ ಹೋದರೆ ಕಬ್ಬಿಣ ನರಳುತ್ತದೆ ಎಂಬುದೂ ಗೊತ್ತಾಯಿತು.

“ಸಾಕು,” ಎಂದ. ಅವಳು ಮತ್ತೂ ಎಳೆಯಲು ಹೋದಳು. “ಸಾಕು ಅಂದೆನಲ್ಲೇ.” ಅವಳು ನಿಲ್ಲಿಸಿದಳು.

ಮಗಳು ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಜಗ್ಗಿದಳು, ಎತ್ತಿ ನೆಲಕ್ಕೆ ಕುಕ್ಕಿದಳು. ಕಿಮಕ್ ಅನ್ನಲಿಲ್ಲ. ಆಮೇಲೆ ಹಿಂದಿನ ಚಕ್ರ, ಸೀಟು, ಹ್ಯಾಂಡಲ್ಲು, ಬ್ರೇಕಿನ ತಿರುಪು. ಪ್ರತಿಯೊಂದಕ್ಕೂ ಇನ್ನೂ ಬೇಕು, ಬೇಡ ಸಾಕು ಎಂಬ ಚೌಕಾಸಿ ನಡೆಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಂದು ಕೆಲಸವನ್ನು ಹೀಗೆ ಕೈಗೆ ಕೈ ಹಚ್ಚಿ ಮಾಡಿದ್ದು ನೆನಪಿಲ್ಲ. ಮುಗಿಯುವ ಹೊತ್ತಿಗೆ ಇಬ್ಬರೂ ಬೆವರಿದ್ದರು, ಇಬ್ಬರ ಮುಖವೂ ಅರಳಿತ್ತು.

ಮಗಳು ಸೈಕಲ್ಲನ್ನು ಬೀದಿಗಿಳಿಸಿ ಒಂದು ಸುತ್ತು ಹೋಗಿ ಬಂದಳು. ಚೆನ್ನಾಗಿದೆಯಪ್ಪ, ಇದರಲ್ಲೇ ಓಡ್ತೀನಿ ಎಂದಳು. ಹೆಂಡತಿ ಹಿಗ್ಗಿಹೋದಳು. ಆದರೆ ಬೀದಿಯ ತುದಿಯ ಸಣ್ಣ ಇಳಿಜಾರಿನಲ್ಲಿ ಮಗಳ ಎರಡೂ ಕೈ ಬ್ರೇಕನ್ನು ಒತ್ತಿ ಹಿಡಿದಿದ್ದನ್ನು ಗಡಿಯಾರಪ್ಪ ನೋಡಿದ್ದ. ಮೇಲಿನಿಂದ ಕೆಳಗಿನವರೆಗೂ ಬಿಟ್ಟಿರಲಿಲ್ಲ. ಬಾಯಿ ಅಪ್ಪನ ಮನಸ್ಸು ನೋಯಿಸಬಾರದೆಂದು ಮಾತಾಡುತ್ತದೆ. ಕೈಗೆ ಆ ದಾಕ್ಷಿಣ್ಯವಿಲ್ಲ. ಕ್ಲಬ್ಬಿನ ಸೈಕಲ್ಲೇ ತಗೊಂಡು ಹೋಗು ಎನ್ನಲು ಬಾಯಿ ತೆರೆದ, ಅಷ್ಟರಲ್ಲಿ ಅವಳು ನಾಳೆ ಹಾಕಿಕೊಳ್ಳುವ ಬೂಟು ಹುಡುಕಲು ಒಳಗೆ ಹೋಗಿದ್ದಳು.

ಭಾನುವಾರ ಬೆಳಗ್ಗೆ ಮಾರ್ಕೆಟ್ಟಿನ ತಿರುವಿನಲ್ಲಿ ಜನವೋ ಜನ. ಹೆಂಡತಿ ಮೊಣಕೈಯಲ್ಲೇ ದಾರಿ ಮಾಡಿಕೊಂಡು ಗಂಡನನ್ನು ಹಗ್ಗದ ಮುಂದಿನ ಸಾಲಿಗೆ ತಂದು ನಿಲ್ಲಿಸಿದಳು. ಮೇಲೆ ದೂರದಲ್ಲಿ ನೀರಿನ ಟ್ಯಾಂಕು, ಅಲ್ಲಿಂದ ಕಣ್ಣಿಗೆ ನೇರವಾಗಿ ಇಳಿದು ಬರುವ ರಸ್ತೆ. ಮೊದಲ ಸೈಕಲ್ಲುಗಳು ಕಂಡಾಗ ಜನ ಹೋ ಎಂದರು. ಗಡಿಯಾರಪ್ಪನಿಗೆ ನೋಡಲಾಗಲಿಲ್ಲ. ಮುಖ ತಿರುಗಿಸಿ, ಅಂಗಡಿಯೊಂದರ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ.

ಕಿವಿ ಮುಚ್ಚಿಕೊಳ್ಳಲಾಗುವುದಿಲ್ಲವಲ್ಲ. ಒಂದೊಂದೇ ಸೈಕಲ್ಲು ಇಳಿದು ಬರುತ್ತಿತ್ತು. ಬ್ರೇಕು ಕೀಂಯ್ ಎನ್ನುತ್ತಿತ್ತು, ರಬ್ಬರು ಸುಟ್ಟ ವಾಸನೆ ಬರುತ್ತಿತ್ತು, ಚೈನು ಗಡಗಡ ಎನ್ನುತ್ತಿತ್ತು. ಆಮೇಲೆ ಒಂದು ಬಂತು. ಅದಕ್ಕೆ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಹೆಂಡತಿ ಅವನ ತೋಳನ್ನು ಹಿಡಿದ ಹಿಡಿತಕ್ಕೆ ಜೀವ ಹೋದಂತಾಯಿತು. ಅವನು ತಿರುಗಿ ನೋಡುವಷ್ಟರಲ್ಲಿ ಮಗಳು ತಿರುವಿನಲ್ಲಿ ಮೈ ಬಾಗಿಸಿ, ಮೂರು ಜನರನ್ನು ಹಿಂದೆ ಹಾಕಿ, ಮಾರ್ಕೆಟ್ಟಿನ ಬೀದಿಗೆ ನುಗ್ಗಿಯಾಗಿತ್ತು. ಅವನು ನೋಡಿದ್ದು ಅವಳ ಬೆನ್ನನ್ನು ಮಾತ್ರ.

ಇಬ್ಬರೂ ಓಡಿದರು. ಆ ವಯಸ್ಸಿನಲ್ಲಿ ಅಂಥ ಓಟ! ದಾರಿಯಲ್ಲಿ ಸಿಕ್ಕವರನ್ನೆಲ್ಲ ತಳ್ಳಿಕೊಂಡು, ಬೈಗುಳ ತಿನ್ನುತ್ತ, ರೇಸು ಮುಗಿಯುವ ಜಾಗಕ್ಕೆ ಬಂದರು. ಮಗಳು ಐದನೆಯವಳಾಗಿ ಬಂದಿದ್ದಳು. ಬಹುಮಾನ ಮೂರು ಜನಕ್ಕೆ ಮಾತ್ರ. ಅವಳು ಸೈಕಲ್ಲಿಗೆ ಒರಗಿ ನಿಂತು, ಬಾಯಲ್ಲಿ ಉಸಿರಾಡುತ್ತ, ಜನರ ನಡುವೆ ಯಾರನ್ನೋ ಹುಡುಕುತ್ತಿದ್ದಳು. ಅಪ್ಪನನ್ನು ಕಂಡೊಡನೆ ಮುಖವೆಲ್ಲ ಬೆಳಗಿತು.

“ಅಪ್ಪ, ಇಳಿಜಾರಲ್ಲಿ ನಾನು ಬ್ರೇಕು ಮುಟ್ಟಲೇ ಇಲ್ಲ.”

“ನಿನಗೆ ಬುದ್ಧಿ ಇದೆಯಾ?” ಎಂದು ಅವಳ ಅಮ್ಮ ಬೆನ್ನಿಗೆ ಒಂದು ಗುದ್ದಿದಳು. “ಬ್ರೇಕು ಇಟ್ಟಿರೋದು ಯಾತಕ್ಕೆ?”

ಮಗಳು ಅಮ್ಮನ ಕಡೆ ನೋಡಲಿಲ್ಲ. ಮೇಲೆ ಟ್ಯಾಂಕಿನ ಹತ್ತಿರ ಕೈ ಬ್ರೇಕಿನ ಮೇಲೇ ಇತ್ತಂತೆ. ಹಿಡಿದೇ ಇಳಿಯುವುದು ಅಂದುಕೊಂಡಿದ್ದಳಂತೆ. ಸೈಕಲ್ಲು ಇಳಿಯತೊಡಗಿದ ಮೇಲೆ ಚಕ್ರ ಹೇಗೆ ಹೋಗುತ್ತಿದೆ ಎಂದು ಕಾಲಿಗೆ ಗೊತ್ತಾಯಿತು, ಆಮೇಲೆ ಬೆರಳು ತಾನಾಗಿಯೇ ಬಿಟ್ಟುಬಿಟ್ಟಿತು ಎಂದಳು. ಇದನ್ನು ಹೇಳುವಾಗ ನಗುತ್ತಲೂ ಇದ್ದಳು, ಏದುಸಿರೂ ಬಿಡುತ್ತಿದ್ದಳು.

ಗಡಿಯಾರಪ್ಪ ಅಲ್ಲೇ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟ. ಜನ ನೋಡುತ್ತಾರೆ ಎಂಬುದೂ ಅವನಿಗೆ ಹೊಳೆಯಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಮಗಳು ಇಬ್ಬರೂ ಹೆದರಿ, ಅವನ ಅಕ್ಕಪಕ್ಕದಲ್ಲಿ ಕೂತು, ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ, ಸಂತೋಷಕ್ಕೆ ಎಂದ.